ಸೂಜಿಮೊನೆಯಷ್ಟು ಎಣ್ಣೆ

ಅಕ್ಕ ಬೆಳಿಗ್ಗೆಯಿಂದ ಆ ಚಿಕ್ಕ ಕೆಂಪು ಟ್ರ್ಯಾಕ್ಟರನ್ನು ಸುತ್ತುತ್ತಲೇ ಇದ್ದಳು. ಚಿಂದಿಬಟ್ಟೆ ಹೆಗಲಿಗೆ ಹಾಕಿಕೊಂಡು ತಮ್ಮ ಅವಳ ಹಿಂದೆ. ಗಾಡಿಯ ಯಜಮಾನ, ಊರಾಚೆ ಹೂಗಿಡದ ಸಸಿ ಬೆಳೆಸಿ ಮಾರುವವನು, ಗ್ಯಾರೇಜಿನ ಬಾಗಿಲಲ್ಲಿ ಹಳೆಯ ಟೈರಿನ ಮೇಲೆ ಕೂತು ದೂರು ಹೇಳುತ್ತಿದ್ದ. ಮುಂದಿನ ಬಕೆಟ್ಟಿಗೆ ಮಣ್ಣು ತುಂಬಿ ಎತ್ತಿದರೆ ತೋಳು ಮೇಲೇನೋ ಹೋಗುತ್ತದೆ, ನಿಲ್ಲುವುದಿಲ್ಲ. ತೂಕಡಿಸುವವನ ತಲೆಯ ಹಾಗೆ ಮೆಲ್ಲಗೆ ಕೆಳಗೆ ಜೋಲುತ್ತದೆ. ವಾರಕ್ಕೊಮ್ಮೆ ತೋಳು ಎತ್ತುವ ಹೈಡ್ರಾಲಿಕ್ ಎಣ್ಣೆ ಸುರಿಯಬೇಕು. ಸುರಿದದ್ದು ಎಲ್ಲಿಗೆ ಹೋಗುತ್ತದೋ, ನೆಲದ ಮೇಲೆ ಒಂದು ಹನಿಯೂ ಇಲ್ಲ.

"ಎಣ್ಣೆ ಕುಡಿಯೋ ಗಾಡಿ ನಂದು," ಅಂದ. "ಕುಡಿದು ಬೈಯಲ್ಲ ಅನ್ನೋದೊಂದೇ ಪುಣ್ಯ."

ಅಕ್ಕ ನಗಲಿಲ್ಲ. ಕೆಲಸದ ಹೊತ್ತಿನಲ್ಲಿ ಅವಳಿಗೆ ಕಿವಿ ಕೇಳಿಸುವುದಿಲ್ಲ ಎಂದು ತಮ್ಮ ಗಿರಾಕಿಗಳಿಗೆ ಸಮಾಧಾನ ಹೇಳುತ್ತಿದ್ದದ್ದುಂಟು.

ಅಪ್ಪ ನಡೆಸುತ್ತಿದ್ದ ಗ್ಯಾರೇಜು ಅದು. ಅಪ್ಪ ಹೋದಮೇಲೆ ತಮ್ಮ ಸ್ಪ್ಯಾನರು ಹಿಡಿದ, ಅಕ್ಕ ಗಾಡಿಗಳ ನಾಡಿ ಹಿಡಿದಳು. ಕಬ್ಬಿಣದ ಮೇಲೆ ಬೆರಳಿಟ್ಟು ಒಳಗಿನ ಬೇರಿಂಗ್ ಸವೆದಿದೆಯೋ ಇಲ್ಲವೋ ಹೇಳುತ್ತಿದ್ದಳು. ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಅದರ ವಯಸ್ಸು ಹೇಳುತ್ತಿದ್ದಳು. ಬೇರೆ ಗ್ಯಾರೇಜಿನವರೇ ಸೋತು ಕೈಚೆಲ್ಲಿದ ಗಾಡಿಗಳು ಇಲ್ಲಿಗೆ ಬರುತ್ತಿದ್ದವು. ಅಕ್ಕ ಒಂದು ಸಲ ಮುಟ್ಟಿ ನೋಡಲಿ, ಆಮೇಲೆ ಬಿಚ್ಚೋಣ ಎನ್ನುವುದು ಆ ಬೀದಿಯಲ್ಲಿ ಗಾದೆಯಂತಾಗಿತ್ತು. ಅವರ ಅನ್ನ ಇದ್ದದ್ದು ಅವಳ ಬಲಗೈಯಲ್ಲಿ.

ಈ ಗಾಡಿಯ ಎಣ್ಣೆಯನ್ನೂ ಉಜ್ಜಿ ನೋಡಿದ್ದಳು. ಸುಟ್ಟ ವಾಸನೆ ಇಲ್ಲ, ನೀರು ಸೇರಿ ಬೆಳ್ಳಗಾಗಿಲ್ಲ. ಪಂಪಿಗೆ ಒತ್ತಡ ಅಳೆಯುವ ಗೇಜು ಕೂರಿಸಿದರೆ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಸಿಲಿಂಡರಿನ ಒಳಗೆ ಸೋರಿದರೆ ತೋಳು ಇಳಿಯುತ್ತದೆ ನಿಜ, ಆದರೆ ಎಣ್ಣೆ ಒಳಗೊಳಗೇ ಸುತ್ತುತ್ತದೆ, ಕಡಿಮೆಯಾಗುವುದಿಲ್ಲ. ಇಲ್ಲಿ ಕಡಿಮೆಯಾಗುತ್ತಿದೆ. ಅಂದರೆ ಹೊರಗೆ ಹೋಗುತ್ತಿದೆ, ಅದೂ ಭಾರ ಬಿದ್ದಾಗ ಮಾತ್ರ. ಕೊನೆಗೆ ಮುಂದಿನ ಚೌಕಟ್ಟಿನ ಒಳಮೈಯಲ್ಲಿ, ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ, ಅಂಗೈಯಗಲ ಧೂಳು ಉಳಿದದ್ದಕ್ಕಿಂತ ಕಪ್ಪಾಗಿ ಅಂಟಿಕೊಂಡಿತ್ತು.

"ಇಲ್ಲೆಲ್ಲೋ ಉಗುಳ್ತಾ ಇದೆ," ಅಂದಳು.

ಅಲ್ಲಿ ನಾಲ್ಕು ರಬ್ಬರು ಪೈಪುಗಳು ಒಂದಕ್ಕೊಂದು ಅಂಟಿಕೊಂಡು ಕಬ್ಬಿಣದ ತಗಡಿನ ಹಿಂದೆ ಹಾದುಹೋಗಿದ್ದವು. ಕಣ್ಣಿಗೆ ಕಾಣದ ಜಾಗ, ಕೈ ಮಾತ್ರ ಹೋಗುತ್ತದೆ. ಅವಳು ತಮ್ಮನಿಗೆ ಮೇಲೆ ಕೂತು ಇಂಜಿನ್ ಶುರು ಮಾಡಲು ಹೇಳಿದಳು. ತೋಳನ್ನು ಪೂರ್ತಿ ಎತ್ತು, ಎತ್ತಿದ ಮೇಲೂ ಲಿವರ್ ಬಿಡಬೇಡ ಅಂದಳು. ಹಾಗೆ ಹಿಡಿದರೆ ಎಣ್ಣೆಗೆ ಮುಂದೆ ಹೋಗಲು ದಾರಿಯಿರುವುದಿಲ್ಲ, ಪಂಪಿನ ಒತ್ತಡವೆಲ್ಲ ಬಂದು ಪೈಪಿನಲ್ಲಿ ನಿಲ್ಲುತ್ತದೆ. ಇಂಜಿನ್ ಉಸಿರು ಕಟ್ಟಿದಂತೆ ಮುಲುಗಿತು. ಅಕ್ಕ ತಗಡಿನ ಹಿಂದೆ ಕೈ ತೂರಿಸಿ ಪೈಪುಗಳ ಉದ್ದಕ್ಕೂ ಬೆರಳು ಓಡಿಸಿದಳು. ಅಪ್ಪ ಹುಡುಕುತ್ತಿದ್ದದ್ದೂ ಹೀಗೆಯೇ.

ಅವಳ ಭುಜ ಸೆಳೆದುಕೊಂಡದ್ದನ್ನು ತಮ್ಮ ಮೇಲಿನಿಂದ ಕಂಡ. ಇಂಜಿನ್ ನಿಲ್ಲಿಸಿ ಇಳಿದ.

"ಏನಿಲ್ಲ, ತಂತಿ ಚುಚ್ಚಿತು," ಅಂದಳು ಅಕ್ಕ. ಪೈಪಿನ ರಬ್ಬರಿನೊಳಗೆ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ. ರಬ್ಬರು ಸವೆದರೆ ಎಳೆ ಹೊರಬಂದು ಚುಚ್ಚುವುದು ಆ ಕಸಬಿನಲ್ಲಿ ದಿನದ ಮಾತು. ಅವಳ ಮುಖದಲ್ಲಿ ಗೆಲುವಿತ್ತು. "ಸಿಕ್ಕಿತು ಕಳ್ಳ. ಒಳಗಿನಿಂದ ಎರಡನೇದು."

ತೋರುಬೆರಳ ತುದಿಯಲ್ಲಿ ಒಂದು ಚುಕ್ಕೆ. ರಕ್ತ ಬರಲಿಲ್ಲ. ಹಿಂಡಿದಾಗ ಬಂದ ಒಂದು ಹನಿ ಕೆಂಪಗಿರದೆ ತಿಳಿಯಾಗಿ ಹೊಳೆಯಿತು. ಅವಳು ಅದನ್ನು ಚಿಂದಿಗೆ ಒರೆಸಿ ಸ್ಪ್ಯಾನರಿಗೆ ಕೈಚಾಚಿದಳು.

ತಮ್ಮ ಸ್ಪ್ಯಾನರು ಕೊಡಲಿಲ್ಲ. ಅವನಿಗೆ ಎಂಟುಬೆರಳಿನವನು ನೆನಪಾಗಿದ್ದ. ಪೇಟೆಯಲ್ಲಿ ಇಂಥ ಪೈಪುಗಳಿಗೆ ಕಬ್ಬಿಣದ ತುದಿ ಒತ್ತಿ ಕೂರಿಸಿಕೊಡುವ ಅಂಗಡಿಯವನು. ಅವನ ಎರಡು ಬೆರಳನ್ನು ಒತ್ತುವ ಯಂತ್ರ ತಿಂದಿದೆ ಎಂದೇ ಎಲ್ಲರೂ ನಂಬಿದ್ದರು. ಒಮ್ಮೆ ಪೈಪಿಗಾಗಿ ಕಾಯುತ್ತಿದ್ದಾಗ ಅವನೇ ಹೇಳಿದ್ದ: ಯಂತ್ರವಲ್ಲ, ಎಣ್ಣೆ. ಕಣ್ಣಿಗೆ ಕಾಣದ ತೂತಿನಿಂದ ಸೂಜಿಯಂತೆ ಬಂದು ಚರ್ಮ ದಾಟಿ ಒಳಗೆ ಕೂತಿತು. ನೋವಿರಲಿಲ್ಲ, ಉಂಡು ಮಲಗಿದೆ. ಬೆಳಗಾಗುವಾಗ ಕೈ ಊದಿ ಯಾರದೋ ಕೈಯಂತಾಗಿತ್ತು. ನೋವು ಬರಲಿ ಅಂತ ಕಾದೆನಲ್ಲಾ, ಅಲ್ಲೇ ಕೆಟ್ಟೆ.

"ಅಕ್ಕ, ಆಸ್ಪತ್ರೆಗೆ ಹೋಗೋಣ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮೂವತ್ತು ದಾಟಿದ ಗಂಡಸು, ಮದುವೆಯಾಗಿ ಮಗುವಾದವನು, ತಂತಿ ಚುಚ್ಚಿದ್ದಕ್ಕೆ ಮುಖ ಬಿಳಿಚಿಕೊಂಡು ನಿಂತಿದ್ದಾನೆ. ಅದೂ ತನ್ನ ಬೆರಳಿಗಲ್ಲ. ಅವಳು ಯಜಮಾನನ ಕಡೆ ತಿರುಗಿ, ಉಗುರಲ್ಲಿ ಹೋಗುವುದಕ್ಕೆ ನಮ್ಮ ಪುಟ್ಟ ಕೊಡಲಿ ಹುಡುಕುತ್ತಾನೆ ಅಂದಳು. ಯಜಮಾನನೂ ನಕ್ಕು, ಸೋಪು ಹಾಕಿ ತೊಳೆದರೆ ಆಯಿತು ಅಂದ.

ತಮ್ಮ ಎಂಟುಬೆರಳಿನವನ ಮಾತು ಹೇಳಿದ. ಅವನಿಗೆ ಚುಚ್ಚಿದ್ದು ಎಣ್ಣೆ, ನನಗೆ ಚುಚ್ಚಿದ್ದು ತಂತಿ ಅಂದಳು ಅಕ್ಕ. ಅವಳ ಬೆರಳು ಹೇಳಿದ್ದನ್ನು ಆ ಗ್ಯಾರೇಜಿನಲ್ಲಿ ಯಾರೂ ಅಲ್ಲಗಳೆದದ್ದಿಲ್ಲ. ಅವನಂತೂ ಇಲ್ಲವೇ ಇಲ್ಲ.

ಅವನು ವಾದ ಬಿಟ್ಟ. ಹೊಸ ಫಿಲ್ಟರ್ ಬಂದಿದ್ದ ಪೆಟ್ಟಿಗೆಯ ರಟ್ಟು ಹರಿದು ಕಸಪೊರಕೆಯ ಉದ್ದ ಹಿಡಿಗೆ ಬಿಗಿದ. ಯಜಮಾನನನ್ನು ಸೀಟಿಗೆ ಹತ್ತಿಸಿ ಲಿವರ್ ಹಿಡಿಸಿದ. ಇಂಜಿನ್ ಮತ್ತೆ ಮುಲುಗಿತು. ಅಕ್ಕ ಸೊಂಟಕ್ಕೆ ಕೈಯಿಟ್ಟು, ಹೊತ್ತು ಹಾಳು ಎಂಬಂತೆ ನಿಂತಿದ್ದಳು. ತಮ್ಮ ದೂರ ನಿಂತು ರಟ್ಟನ್ನು ತಗಡಿನ ಹಿಂದೆ ಸರಿಸಿದ. ಮೊದಲನೆಯ ಪೈಪಿನ ಹತ್ತಿರ ಏನೂ ಇಲ್ಲ. ಎರಡನೆಯದರ ಹತ್ತಿರ ಹಿಡಿ ಸಣ್ಣಗೆ ಅದುರಿತು. ಅವನು ಹೊರಗೆಳೆದ.

ರಟ್ಟಿನ ನಡುವೆ ಒಂದು ದುಂಡನೆಯ ತೂತು. ಅವನು ಕೈ ಸರಿಸಿದ ಕಡೆ ಬ್ಲೇಡಿನಲ್ಲಿ ಕೊಯ್ದಂಥ ಗೀರು. ಇಂಜಿನ್ ನಿಂತ ಮೇಲೆ ಬೈಕಿನ ಹಳೆಯ ಕನ್ನಡಿಯೊಂದನ್ನು ತಗಡಿನ ಹಿಂದೆ ಹಿಡಿದು ಅಕ್ಕನನ್ನು ಕರೆದ. ಪೈಪಿನ ರಬ್ಬರು ನುಣ್ಣಗಿತ್ತು. ಒಂದು ಎಳೆ ತಂತಿಯೂ ಹೊರಬಂದಿರಲಿಲ್ಲ.

ಅಕ್ಕ ಕನ್ನಡಿಯನ್ನು ನೋಡಿದಳು, ರಟ್ಟನ್ನು ತಿರುವಿ ನೋಡಿದಳು. ಆಮೇಲೆ ತನ್ನ ಬೆರಳನ್ನು ನೋಡಿಕೊಂಡಳು. ತುದಿ ಬೆಳ್ಳಗಾಗಿತ್ತು, ಗೆಣ್ಣಿನವರೆಗೆ ದಪ್ಪಗಾಗಿತ್ತು.

"ನೋಯ್ತಿಲ್ಲ ಕಣೋ," ಅಂದಳು. ಆ ಮಾತು ಈಗ ಬೇರೆ ಥರ ಕೇಳಿಸಿತು.

ಯಜಮಾನನೇ ತನ್ನ ಸಸಿ ಸಾಗಿಸುವ ವ್ಯಾನನ್ನು ತಂದು ಬಾಗಿಲಿಗೆ ನಿಲ್ಲಿಸಿದ. ಎದುರು ಒಂದು ಲಾರಿ ಗಲ್ಲಿಯೊಳಗೆ ಹಿಮ್ಮುಖವಾಗಿ ನುಗ್ಗಲು ಹೆಣಗುತ್ತ ರಸ್ತೆಗೆ ಅಡ್ಡ ನಿಂತಾಗ, ತಮ್ಮ ಇಳಿದು ಓಡಿಹೋಗಿ ಡ್ರೈವರನಿಗೆ ಕೈಮುಗಿದ. ತಿರುಗಿ ಬಂದಾಗ ಅಕ್ಕ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಬಿದ್ದು ಸಿಕ್ಕ ಹಕ್ಕಿಮರಿಯಂತೆ ಎದೆಗವಚಿಕೊಂಡು ಕೂತಿದ್ದಳು. ಮರಗಟ್ಟುತ್ತಾ ಇದೆ ಅಂದಳು. ಸ್ವಲ್ಪ ದೂರ ಹೋದಮೇಲೆ, ಅಂಗೈ ಬಿಗೀತಾ ಇದೆ ಅಂದಳು.

ಆಸ್ಪತ್ರೆಯ ಬಾಗಿಲ ಮೇಜಿನ ಹಿಂದೆ ಕೂತಿದ್ದವಳು ಚುಕ್ಕೆ ನೋಡಿ ಸಾಲಿನಲ್ಲಿ ಕೂರಲು ಹೇಳಿದಳು. ತಮ್ಮ ಕೂರಲಿಲ್ಲ. ಎಣ್ಣೆಯ ಡಬ್ಬ ಕಂಕುಳಲ್ಲಿ, ರಟ್ಟು ಕೈಯಲ್ಲಿ, ಒಳಗೆ ಹೋಗಿ ಸಿಕ್ಕ ಮೊದಲ ವೈದ್ಯೆಯ ಮುಂದೆ ನಿಂತ. ಅವಳು ರಟ್ಟಿನ ತೂತನ್ನು ನೋಡಿದಳು, ಡಬ್ಬದ ಮೇಲಿನ ಹೆಸರು ಓದಿದಳು, ಚುಚ್ಚಿ ಎಷ್ಟು ಹೊತ್ತಾಯಿತೆಂದು ಕೇಳಿದಳು. ಉತ್ತರ ಮುಗಿಯುವ ಮೊದಲೇ ಫೋನು ಎತ್ತಿದ್ದಳು.

ಬಂದ ಶಸ್ತ್ರವೈದ್ಯರು ವಯಸ್ಸಾದವರು. ಎಣ್ಣೆ ಬೆರಳಿನಲ್ಲಿ ನಿಂತಿಲ್ಲ, ನರದ ಹಾದಿ ಹಿಡಿದು ಅಂಗೈಗೆ ಇಳಿದಿದೆ, ಅಲ್ಲಿಯವರೆಗೂ ತೆರೆದು ತೊಳೆಯಬೇಕು ಅಂದರು. ತಡವಾಗಿಲ್ಲ, ಹಾಗಂತ ಬೇಗವೂ ಬಂದಿಲ್ಲ.

"ಕೈ ಉಳಿಯತ್ತಾ?" ಅಂತ ಅಕ್ಕ ಕೇಳಿದಳು.

"ಕೈ ಉಳಿಯತ್ತಮ್ಮ. ಬೆರಳೂ ಉಳೀಬಹುದು."

"ಉಳಿದ್ರೆ ಸಾಲದು ಡಾಕ್ಟ್ರೇ. ಅದಕ್ಕೆ ಗೊತ್ತಾಗಬೇಕು."

ಅವಳನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ತಮ್ಮ ಹೊರಗಿನ ಬೆಂಚಿನಲ್ಲಿ ಕೂತ, ಎದ್ದ, ಮತ್ತೆ ಕೂತ. ಯಜಮಾನ ಎರಡು ಲೋಟ ಚಹಾ ತಂದು, ಕುಡಿಯುವವರಿಲ್ಲದೆ ಎರಡನ್ನೂ ತಾನೇ ಕುಡಿದ.

ಕೈ ಉಳಿಯಿತು. ಬೆರಳೂ ಉಳಿಯಿತು. ತೆರೆದ ಗಾಯವನ್ನು ಹಾಗೆಯೇ ಬಿಟ್ಟು ಇನ್ನೊಮ್ಮೆ ತೊಳೆದರು, ಆಮೇಲೆ ಹೊಲಿದರು. ಹೊಲಿಗೆ ಬಿಚ್ಚಿದ ದಿನ ಅಕ್ಕ, ಅಪ್ಪ ಚಪ್ಪಲಿ ಹೊಲಿಸಿದರೂ ಇದಕ್ಕಿಂತ ನೇರ ಹೊಲಿಸುತ್ತಿದ್ದ ಎಂದು ವೈದ್ಯರಿಗೇ ಹೇಳಿ ನಗಿಸಿದಳು. ಬೆರಳು ಮಡಚಿತು, ನೀಡಿತು. ತಮ್ಮನ ಎದೆ ಅಷ್ಟು ದಿನದ ಮೇಲೆ ಸ್ವಲ್ಪ ಹಗುರಾಯಿತು.

ವೈದ್ಯರು ಅವಳ ಕೈಯನ್ನು ದಿಂಬಿನ ಮೇಲಿಟ್ಟು, ಕಿಟಕಿಯ ಕಡೆ ನೋಡಲು ಹೇಳಿದರು. ಹತ್ತಿಯ ಎಳೆಯಿಂದ ಒಂದೊಂದೇ ಬೆರಳನ್ನು ಸವರುತ್ತೇನೆ, ಮುಟ್ಟಿದ ಕೂಡಲೇ ಹೇಳಬೇಕು.

"ಕಿರುಬೆರಳು," ಅಂದಳು ಅಕ್ಕ. "ಅದರ ಪಕ್ಕದ್ದು. ನಡುಬೆರಳು, ಮೇಲಿನ ಗೆಣ್ಣು. ಹೆಬ್ಬೆರಳು."

ಆಮೇಲೆ ಸುಮ್ಮನಾದಳು. ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಅದನ್ನು ನೋಡುತ್ತಿದ್ದಳು.

"ಮುಟ್ಟಿ ಡಾಕ್ಟ್ರೇ, ಕಾಯ್ತಾ ಇದೀನಿ."

ಹತ್ತಿ ತೋರುಬೆರಳ ತುದಿಯ ಮೇಲೇ ಇತ್ತು. ವೈದ್ಯರು ಒತ್ತಿದರು. ಹತ್ತಿ ಬಿಟ್ಟು ಪೆನ್ನಿನ ತುದಿಯಿಂದ ಇನ್ನೂ ಗಟ್ಟಿಯಾಗಿ ಒತ್ತಿದರು. ಅಕ್ಕ ಕಾಯುತ್ತಲೇ ಇದ್ದಳು. ತಮ್ಮನಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

ಆ ಮೌನ ಎಷ್ಟು ಉದ್ದವಾಯಿತೆಂದರೆ ಅವಳಿಗೇ ತಿಳಿದುಹೋಯಿತು. ತಿರುಗಿ ಬೆರಳನ್ನು ನೋಡಿದಳು, ಅದರ ಮೇಲೆ ನಿಂತಿದ್ದ ಪೆನ್ನನ್ನು ನೋಡಿದಳು. ನರ ಮತ್ತೆ ಚಿಗುರಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ, ಚಿಗುರದೆಯೂ ಇರಬಹುದು ಎಂದು ವೈದ್ಯರು ಹೇಳುತ್ತಿದ್ದರು. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ದಿಂಬಿನ ಮೇಲೆ ಬಿದ್ದಿದ್ದ ಹತ್ತಿಯ ಎಳೆಯನ್ನು ಎಡಗೈಯಿಂದ ಎತ್ತಿಕೊಂಡಳು. ಅದೇ ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ನಿಧಾನವಾಗಿ ಉಜ್ಜಿದಳು. ಮತ್ತೊಮ್ಮೆ ಉಜ್ಜಿದಳು.

"ಈ ಕೈ ದಡ್ಡ," ಅಂದಳು ತಮ್ಮನಿಗೆ. "ಕಲಿಯೋಕೆ ಹೊತ್ತು ಹಿಡಿಯತ್ತೆ."