ಹಿಂದಿನ ಕೋಣೆಯ ಇಳಿಜಾರು

ತಮ್ಮ ತನ್ನ ಮನೆಗೆ ಇರಲು ಬಂದಾಗ, ಇದೆಲ್ಲ ಒಂದೆರಡು ತಿಂಗಳ ಮಾತು ಎಂದು ಅಕ್ಕ ಅಂದುಕೊಂಡಿದ್ದಳು. ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಎತ್ತರೆತ್ತರದ ಕಟ್ಟಡಗಳ ಲಿಫ್ಟ್ ಗುಂಡಿಗಳಲ್ಲಿ ಇಳಿದು, ಮೈಮೇಲೆ ಒಂದು ಗೀರೂ ಇಲ್ಲದೆ ಮೇಲೆ ಬಂದವನು, ಒಂದು ದಿನ ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದ. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನ ಬಾಡಿಗೆ ಕೋಣೆಗೆ ವಾಪಸು ಹೋಗುವ ಮಾತೇ ಇರಲಿಲ್ಲ. ಅದು ಮೂರನೇ ಮಹಡಿ. ಲಿಫ್ಟ್ ರಿಪೇರಿಯವನು ವಾಸವಿದ್ದ ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ.

ಅಕ್ಕನ ಮನೆಯೂ ಚಿಕ್ಕದೇ. ಮುಂದಿನ ಕೋಣೆಯ ನಡುವೆ ಒಂದು ಪರದೆ ಕಟ್ಟಿ, ಆಚೆ ಅವನ ಮಂಚ ಹಾಕಿದರು. ಬಚ್ಚಲಿಗೆ ಎರಡು ಮೆಟ್ಟಿಲು ಹತ್ತಬೇಕು, ಬಾಗಿಲೋ ವೀಲ್‌ಚೇರ್ ಹಿಡಿಸದಷ್ಟು ಕಿರಿದು. ದಿನಾ ಬೆಳಿಗ್ಗೆ ಅಕ್ಕನ ಗಂಡ ಹಿಂದಿನಿಂದ ಅವನ ಕಂಕುಳಿಗೆ ಕೈಕೊಟ್ಟು, ಅಕ್ಕ ಕಾಲುಗಳನ್ನು ಹಿಡಿದು, ಎತ್ತಿಕೊಂಡು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆಮೇಲೆ ಗಂಡ ಶಾಲೆಯ ವ್ಯಾನ್ ಓಡಿಸಲು ಹೋದರೆ, ಅಕ್ಕ ಔಷಧಿ ಅಂಗಡಿಯ ಕೌಂಟರಿಗೆ ಓಡುತ್ತಿದ್ದಳು. ಮಧ್ಯಾಹ್ನ ಒಬ್ಬಳೇ ಬಂದು ಉಳಿದದ್ದನ್ನು ನೋಡಿಕೊಳ್ಳುತ್ತಿದ್ದಳು. ಅವಳ ಸೊಂಟ ಯಾವತ್ತೋ ಕೈಕೊಟ್ಟಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಹಿತ್ತಲಲ್ಲಿ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಹಾಗೆ ಅಗಲ ಬಾಗಿಲಿನ ಬಚ್ಚಲು, ಹೊರಗೆ ಇಳಿಯಲು ವೀಲ್‌ಚೇರಿಗೆ ಒಂದು ಇಳಿಜಾರು ದಾರಿ. ಬೇಕಾದದ್ದು ಇಷ್ಟೇ. ಆದರೆ ಇಷ್ಟಕ್ಕೂ ನಗರಸಭೆಯ ಕಟ್ಟಡ ವಿಭಾಗದ ಮಂಜೂರಾತಿ ಬೇಕು.

"ಆಫೀಸು ಅಂದ್ರೆ ನನಗೆ ಮೈಯೆಲ್ಲ ಕಡಿತ ಬರುತ್ತೆ ಕಣೇ. ನೀನೇ ಹೋಗಿ ಬಾ," ಎಂದ ಗಂಡ. ಅಕ್ಕ ಹೋದಳು. ಮೊದಲ ಸಲ ನಕ್ಷೆ ವಾಪಸು ಬಂತು, ಕಿಟಕಿ ಚಿಕ್ಕದಾಯಿತಂತೆ. ಕಿಟಕಿ ದೊಡ್ಡದು ಮಾಡಿಸಿ ಕೊಟ್ಟರೆ, ಕೋಣೆಯ ಅಡಿಯಲ್ಲಿ ಒಳಚರಂಡಿಯ ಪೈಪ್ ಹಾದುಹೋಗುವುದನ್ನು ತೋರಿಸಿಲ್ಲ ಎಂದು ಮತ್ತೆ ವಾಪಸು ಬಂತು. ಕೌಂಟರಿನ ಹೆಂಗಸು ಕೆಟ್ಟವಳೇನಲ್ಲ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಇದೊಂದು ಸರಿ ಮಾಡ್ಕೊಂಡು ಬನ್ನಿ ಮೇಡಂ, ಆಮೇಲೆ ಏನೂ ಇಲ್ಲ," ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಪ್ರತಿ ಸಲವೂ ಆಮೇಲೆ ಏನಾದರೊಂದು ಇರುತ್ತಿತ್ತು. ಅಲ್ಲಿನ ಬೆಂಚಿನಲ್ಲಿ ಕೂತು ಅಕ್ಕ ನಿದ್ದೆಹೋಗುವುದನ್ನು ಕಲಿತಳು. ಅವಳ ಸರದಿ ಬಂದರೆ ಪಕ್ಕದವರು ಮೊಣಕೈಯಿಂದ ತಿವಿದು ಎಬ್ಬಿಸುತ್ತಿದ್ದರು.

ಅಂತೂ ಕೆಲಸ ಶುರುಮಾಡಲು ಅಪ್ಪಣೆ ಸಿಕ್ಕಿತು. ಪಾಯ ತೋಡಿದರು. ಇನ್‌ಸ್ಪೆಕ್ಟರು ಬಂದು ನೋಡುವವರೆಗೆ ಅದಕ್ಕೆ ಕಾಂಕ್ರೀಟು ಸುರಿಯುವಂತಿಲ್ಲ. ಅವರು ಬರುವುದರೊಳಗೆ ಮಳೆ ಬಂತು. ಪಾಯದಲ್ಲಿ ನೀರು ನಿಂತು ಕಪ್ಪೆಗಳು ಕೂಗಿದವು. ಮೇಸ್ತ್ರಿ, "ಅಕ್ಕಾ, ಇನ್‌ಸ್ಪೆಕ್ಟರ್ ಸಾಹೇಬ್ರು ಬಂದಾಗ ಒಂದು ಫೋನ್ ಹಾಕಿ," ಎಂದು ಬೇರೆ ಕೆಲಸ ಹಿಡಿದು ಹೋದ. ಆಮೇಲೆ ಸಾಹೇಬರು ಸಿಕ್ಕರೆ ಮೇಸ್ತ್ರಿ ಸಿಗುತ್ತಿರಲಿಲ್ಲ, ಮೇಸ್ತ್ರಿ ಸಿಕ್ಕರೆ ಸಾಹೇಬರು ರಜೆ.

ಇನ್‌ಸ್ಪೆಕ್ಟರು ಸಣಕಲು ಆಸಾಮಿ. ಸದಾ ನೆಗಡಿ. ಟೀ ಕೊಟ್ಟರೆ, "ಬೇಡ, ಹೊಟ್ಟೆ ಉರಿಯುತ್ತೆ," ಎನ್ನುವರು. ಚೀಲದಿಂದ ಟೇಪು ತೆಗೆದು ಅಳೆಯುವರು, ಮಟ್ಟ ಸರಿಯಿದೆಯೇ ಎಂದು ರಸಮಟ್ಟ ಇಟ್ಟು ಅದರೊಳಗಿನ ಗುಳ್ಳೆಯನ್ನೇ ನೋಡುತ್ತ ನಿಲ್ಲುವರು. ತಮ್ಮ ಅವರಿಗೆ ರಸಮಟ್ಟ ಎಂದೇ ಹೆಸರಿಟ್ಟ. "ಅಕ್ಕಾ, ರಸಮಟ್ಟ ಬಂದ ನೋಡು, ಉಸಿರು ಬಿಗಿಹಿಡ್ಕೊ, ಗುಳ್ಳೆ ಅಲ್ಲಾಡೀತು," ಎಂದು ಪರದೆಯ ಹಿಂದಿನಿಂದ ಪಿಸುಗುಡುವನು. ನಗು ಬರದಷ್ಟು ದಣಿದಿದ್ದರೂ ಅಕ್ಕನಿಗೆ ನಗು ಬರುತ್ತಿತ್ತು.

ಗೋಡೆ ಎದ್ದಿತು. ತಾರಸಿ ಹಾಕಿದ್ದಾಯಿತು. ಚರಂಡಿ ಪೈಪಿಗೆ ನೀರು ಬಿಟ್ಟು ನೋಡಿ ಇನ್‌ಸ್ಪೆಕ್ಟರು ಸರಿ ಎಂದರು. ಇನ್ನು ಕೊನೆಯ ತಪಾಸಣೆ ಒಂದೇ ಬಾಕಿ. ಅದು ಮುಗಿಯದೆ ಕೋಣೆಯಲ್ಲಿ ಯಾರೂ ವಾಸಮಾಡುವ ಹಾಗಿಲ್ಲ. ಆ ದಿನಕ್ಕೆಂದು ಅಕ್ಕ ರಜೆ ಹಾಕಿದಳು, ಮೇಸ್ತ್ರಿಯನ್ನೂ ಕರೆಸಿದಳು.

ಇನ್‌ಸ್ಪೆಕ್ಟರು ಒಳಗೆಲ್ಲ ನೋಡಿ ತಲೆಯಾಡಿಸಿ, ಹಿತ್ತಲಿಗೆ ಇಳಿದರು. ಇಳಿಜಾರಿನ ಮೇಲೆ ರಸಮಟ್ಟ ಇಟ್ಟು ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ.

"ಇದು ಆಗಲ್ಲಮ್ಮ," ಎಂದರು. "ತುಂಬಾ ಕಡಿದಾಗಿದೆ. ನಕ್ಷೆಯಲ್ಲಿ ಗೋಡೆ ಬದಿಗೆ ಹೋಗಿ, ತಿರುಗಿ ಇಳಿಯುತ್ತೆ ಅಂತ ಇದೆ. ಇಲ್ಲಿ ನೋಡಿದ್ರೆ ನೆಟ್ಟಗೆ ಇಳಿಸಿಬಿಟ್ಟಿದೀರ."

ಅಕ್ಕ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ತಮ್ಮನ ಮುಖ ನೋಡಿದ.

"ನಾನೇ ಹೇಳಿದ್ದು," ಎಂದ ತಮ್ಮ ವೀಲ್‌ಚೇರಿನಿಂದ. "ಸುತ್ತಿಸಿ ತಂದ್ರೆ ಅಕ್ಕನ ಗುಲಾಬಿ ಗಿಡ, ಬಟ್ಟೆ ಒಣಗಿಸೋ ತಂತಿ, ಎಲ್ಲಾ ಹೋಗ್ತಿತ್ತು. ಹಿತ್ತಲಲ್ಲಿ ಅರ್ಧ ಆಗಲೇ ನುಂಗಿದೀನಿ. ಇದು ಸಾಕು ಸಾರ್. ನಾನು ಹತ್ತುತೀನಿ."

"ನೀವು ಹತ್ತೋದು ಬೇರೆ, ನಿಯಮ ಬೇರೆ."

"ಉಪಯೋಗಿಸೋನು ನಾನು ತಾನೇ? ನಿಮ್ಮ ಕಣ್ಣೆದುರೇ ಹತ್ತಿ ತೋರಿಸ್ತೀನಿ."

"ಬೇಡ ಕಣೋ," ಎಂದಳು ಅಕ್ಕ. ಅಷ್ಟರಲ್ಲಿ ಅವನು ಕೆಳಗಿಳಿದಾಗಿತ್ತು. ಇಳಿಯುವಾಗಲೇ ಕುರ್ಚಿ ಅವನ ಕೈಮೀರಿ ಓಡಿದ್ದನ್ನು ಎಲ್ಲರೂ ನೋಡಿದರು. ಕುರ್ಚಿ ತಿರುಗಿಸಿ, ಹಲ್ಲು ಕಚ್ಚಿ ಚಕ್ರ ನೂಕಿದ. ಅರ್ಧದವರೆಗೆ ಹತ್ತಿದ. ಕುತ್ತಿಗೆಯ ನರಗಳು ಉಬ್ಬಿದವು. ಇನ್ನೊಂದು ಸಲ ನೂಕಲು ಹಿಡಿತ ಬದಲಿಸಿದ ಆ ಗಳಿಗೆಯಲ್ಲಿ ಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಮೇಲೆದ್ದವು, ಕುರ್ಚಿ ಹಿಂದಕ್ಕೆ ವಾಲಿತು.

ಇನ್‌ಸ್ಪೆಕ್ಟರು ಫೈಲು ಬಿಸಾಡಿ ಹಿಂದಿನಿಂದ ಓಡಿ, ಕುರ್ಚಿಯ ಬೆನ್ನಿಗೆ ಭುಜ ಕೊಟ್ಟು, ಮೊಣಕಾಲೂರಿ ತಡೆದರು. ಮೇಸ್ತ್ರಿ ಬಂದು ಕೈಹಾಕಿದ. ಇಬ್ಬರೂ ಸೇರಿ ಅವನನ್ನು ನಿಧಾನವಾಗಿ ನೆಲಕ್ಕೆ ಇಳಿಸಿದರು. ಹಿತ್ತಲೆಲ್ಲ ಕಾಗದ ಚೆಲ್ಲಿತ್ತು. ಇನ್‌ಸ್ಪೆಕ್ಟರ ಪ್ಯಾಂಟು ಮೊಣಕಾಲಲ್ಲಿ ಹರಿದು ರಕ್ತ ಕಾಣುತ್ತಿತ್ತು. ಅವರು ಏದುಸಿರು ಬಿಡುತ್ತ ಅಲ್ಲೇ ಕೂತು, ಅಕ್ಕ ತಂದುಕೊಟ್ಟ ನೀರನ್ನು ಗಟಗಟ ಕುಡಿದರು. ಕಾಗದಗಳನ್ನು ಆಯ್ದುಕೊಂಡು, "ಒಡೆಸಿ, ನಕ್ಷೆಯಲ್ಲಿದ್ದ ಹಾಗೆ ಹಾಕಿಸಿ. ಆದ ಮೇಲೆ ತಿಳಿಸಿ, ಬರ್ತೀನಿ," ಎಂದು ಕುಂಟುತ್ತ ಹೋದರು.

ಮೇಸ್ತ್ರಿಯೂ ಹೋದ ಮೇಲೆ ಹಿತ್ತಲಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ತಮ್ಮ ತಲೆ ಎತ್ತಲಿಲ್ಲ. ಅಂಗೈ ತರಚಿತ್ತು, ಅದನ್ನೇ ನೋಡುತ್ತ, "ಅಕ್ಕಾ, ನನ್ನನ್ನ ಎಲ್ಲಾದ್ರೂ ಸೇರಿಸಿಬಿಡು," ಎಂದ. "ನನ್ನಂಥವರನ್ನ ನೋಡ್ಕೊಳ್ಳೋ ಜಾಗ ಇರುತ್ತಂತೆ."

ಬೇರೆ ದಿನವಾಗಿದ್ದರೆ ಅಕ್ಕ ಅವನನ್ನು ಬೈಯುತ್ತಿದ್ದಳು, ಇಲ್ಲವೇ ಸಮಾಧಾನ ಹೇಳುತ್ತಿದ್ದಳು. ಅವತ್ತು ಅವಳಲ್ಲಿ ಎರಡಕ್ಕೂ ತ್ರಾಣವಿರಲಿಲ್ಲ. ಇಳಿಜಾರಿನ ತುದಿಯಲ್ಲಿ ಕುಕ್ಕರಿಸಿ, "ಸೇರಿಸೋಕೂ ಅರ್ಜಿ ಹಾಕಬೇಕಲ್ಲೋ," ಎಂದಳು. "ಇನ್ನೊಂದು ಅರ್ಜಿ ನನ್ನ ಕೈಲಿ ಆಗಲ್ಲಪ್ಪ. ನೀನು ಇಲ್ಲೇ ಇರು."

ತಮ್ಮ ಕಿಸಕ್ಕೆಂದ. ಅಕ್ಕನಿಗೂ ನಗು ಬಂತು. ನಗುತ್ತ ನಗುತ್ತ ಯಾವಾಗ ಅಳು ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ.

"ನನ್ನ ಸೊಂಟ ಬಿದ್ದುಹೋಗಿದೆ ಕಣೋ," ಎಂದಳು ಮೂಗೊರೆಸಿಕೊಳ್ಳುತ್ತ. "ಎಷ್ಟೋ ದಿನ ಆಯ್ತು. ನಿನ್ನನ್ನ ಎತ್ತೋವಾಗ ಜೀವ ಹೋದ ಹಾಗಾಗುತ್ತೆ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಸ್ನಾನಾನೇ ಬಿಟ್ಟುಬಿಡ್ತಿದ್ದೆ."

"ನಿನ್ನ ಗಿಡ ಹೋಗುತ್ತಲ್ಲ ಅಂತ ನನಗೆ…" ಎಂದು ಶುರುಮಾಡಿ ನಿಲ್ಲಿಸಿದ.

"ಗಿಡ ಹೋಗುತ್ತೆ. ಹೋಗಲಿ. ನೀನು ಮಾತ್ರ ಇನ್ನು ಮೇಲೆ ನನಗೆ ತಿಳಿಯದ ಹಾಗೆ ಉಪಕಾರ ಮಾಡೋಕೆ ಬರಬೇಡ."

ಇಳಿಜಾರು ಒಡೆಯುವ ದಿನ ಗಿಡಗಳನ್ನು ಅಕ್ಕನೇ ಕಿತ್ತಳು. ಅವಳಿಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದೆರಡನ್ನು ಹಳೆಯ ಡಬ್ಬಗಳಲ್ಲಿ ನೆಟ್ಟಳು, ಅವೂ ಬಾಡಿದವು. ಬಟ್ಟೆಯ ತಂತಿ ತಾರಸಿಗೆ ಹೋಯಿತು, ಒದ್ದೆ ಬಟ್ಟೆಯ ಬಕೆಟ್ ಹಿಡಿದು ಏಣಿ ಹತ್ತುವ ಕೆಲಸ ಗಂಡನ ಪಾಲಿಗೆ ಬಂತು. ಆಫೀಸಿನ ಹೆಸರು ಕೇಳಿದರೆ ಮೈ ಕಡಿಯುವ ಆತ ಇದಕ್ಕೆ ಏನೂ ಅನ್ನದೆ ಹತ್ತಿದ. ಮೇಸ್ತ್ರಿಯನ್ನು ಹಿಡಿಯಲು ಮತ್ತೆ ಫೋನು, ಇನ್‌ಸ್ಪೆಕ್ಟರನ್ನು ಕರೆಯಲು ಮತ್ತೆ ಆ ಬೆಂಚು, ಮತ್ತೆ ಆ ನಿದ್ದೆ.

ಇನ್‌ಸ್ಪೆಕ್ಟರು ಬಂದಾಗ ಕಾಲು ಸರಿಹೋಗಿತ್ತು, ನೆಗಡಿ ಹಾಗೇ ಇತ್ತು. ರಸಮಟ್ಟ ಇಟ್ಟರು, ಅಳೆದರು, ಬರೆದುಕೊಂಡರು. ಆಮೇಲೆ ತಮ್ಮನ ಕಡೆ ತಿರುಗಿ, "ಒಂದ್ಸಲ ಹತ್ತಿ ನೋಡೋಣ," ಎಂದರು.

ತಮ್ಮ ಹತ್ತಿದ. ಗೋಡೆಯ ಬದಿಯಲ್ಲಿ ನಿಧಾನವಾಗಿ ಹೋಗಿ, ತಿರುವಿನಲ್ಲಿ ನಿಂತು ಸುಧಾರಿಸಿಕೊಂಡು, ಉಳಿದದ್ದನ್ನೂ ಹತ್ತಿ ಬಾಗಿಲು ದಾಟಿ ಒಳಗೆ ಹೋದ. ಹೊರಗೆ ನಿಂತವರಿಗೆ ಕುರ್ಚಿ ತಿರುಗಿದ ಸದ್ದು, ಹಿಂದೆಯೇ ಬಾಗಿಲು ಹಾಕಿ ಚಿಲಕ ಎಳೆದ ಸದ್ದು ಕೇಳಿಸಿತು. ಇಷ್ಟು ದಿನದಲ್ಲಿ ಅವನು ಒಂದು ಬಾಗಿಲನ್ನು ತಾನೇ ಹಾಕಿಕೊಂಡದ್ದು ಅದೇ ಮೊದಲು. ಇನ್‌ಸ್ಪೆಕ್ಟರು ಫೈಲನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು.

"ಇನ್ನೇನಾದ್ರೂ ಬಾಕಿ ಇದೆಯಾ ಸಾರ್?" ಎಂದು ಅಕ್ಕ ಅಂಜುತ್ತ ಕೇಳಿದಳು.

"ಇಲ್ಲಮ್ಮ. ಆಯ್ತು."

ಆ ಮಾತನ್ನು ನಂಬಲು ಅವಳಿಗೆ ಹೊತ್ತು ಹಿಡಿಯಿತು. ಅವರನ್ನು ಗೇಟಿನವರೆಗೆ ಕಳಿಸಿ ಬಂದು, ಹಿಂದಿನ ಕೋಣೆಯ ಮುಚ್ಚಿದ ಬಾಗಿಲ ಮುಂದೆ ನಿಂತಳು. ಒಳಗೆ ನಲ್ಲಿ ತಿರುಗಿಸಿದ ಸದ್ದು, ಬಕೆಟ್ಟಿಗೆ ನೀರು ಬೀಳುವ ಸದ್ದು.

"ಏನೋ, ಸಹಾಯ ಬೇಕಾ?"

"ಬೇಡ. ಹೊತ್ತಾಗುತ್ತೆ. ನೀನು ಹೋಗಿ ಮಲಗು," ಎಂದ ತಮ್ಮ ಒಳಗಿನಿಂದ.

ನಿಜಕ್ಕೂ ಹೊತ್ತಾಯಿತು. ಒಳಗೆ ಚೊಂಬು ಕೈಜಾರಿ ಬಿತ್ತು, ಅವನು ಏನೋ ಬೈದುಕೊಂಡ. ಅಕ್ಕ ಬಾಗಿಲಿಗೆ ಕೈಯಿಟ್ಟಳು, ತಟ್ಟಲಿಲ್ಲ. ಆಮೇಲೆ ಮುಂದಿನ ಕೋಣೆಗೆ ಹೋಗಿ, ಹಾಡುಹಗಲಲ್ಲಿ, ಒಲೆಯ ಮೇಲೆ ಏನೂ ಇಡದೆ, ಬರಿ ನೆಲದ ಮೇಲೆ ಕಾಲುಚಾಚಿ ಮಲಗಿಬಿಟ್ಟಳು.