ನೋವು ಕಣ್ಣಿಗೆ, ಸೂಜಿ ಹೆಬ್ಬೆರಳಿಗೆ

ನಮ್ಮೂರಲ್ಲಿ ತಲೆ ನೋಯುತ್ತೆ ಅಂದರೆ ಮೊದಲು ಕೇಳೋ ಮಾತು, "ಊಟಕ್ಕೆ ಏನು ತಿಂದೆ?" ತಿಂದದ್ದು ಅರಗದೆ ನಿಂತರೆ ತಲೆ ಹಿಡಿಯುತ್ತೆ ಅನ್ನೋದು ಹಿಂದಿನಿಂದ ಬಂದ ನಂಬಿಕೆ. ಮದ್ದೂ ಹಿಂದಿನದೇ. ತೋಳನ್ನ ಮೇಲಿಂದ ಕೆಳಕ್ಕೆ ನೀವಿ, ಹೆಬ್ಬೆರಳಿಗೆ ದಾರ ಬಿಗಿದು, ಉಗುರಿನ ಬುಡದಲ್ಲಿ ಸೂಜಿ ಚುಚ್ಚಿ ಕಪ್ಪು ರಕ್ತ ತೆಗೆಯೋದು. ಊರಲ್ಲಿ ಆ ಸೂಜಿ ಹಿಡಿದವಳು ನಾನೇ, ಒಕ್‌ಬುನ್. ಈಗ ಎಪ್ಪತ್ತಾರು ನನಗೆ. ಐವತ್ತು ವರ್ಷ ಚುಚ್ಚಿದ್ದೀನಿ. ಎಷ್ಟು ಬೆರಳು ಸುಮ್ಮಸುಮ್ಮನೆ ಚುಚ್ಚಿದೆನೋ, ನೆನೆಸಿಕೊಂಡರೆ ಸುಸ್ತಾಗುತ್ತೆ.

ಆ ವರ್ಷ ಬೆಳ್ಳುಳ್ಳಿ ನಾಟಿ ಮುಗಿದ ಮೇಲೆ ಊರ ಭವನದಲ್ಲಿ ಮುದುಕಿಯರಿಗೆ ಅಕ್ಷರ ಕಲಿಸೋಕೆ ಶುರು ಮಾಡಿದರು. ಮಂಗಳವಾರ, ಗುರುವಾರ. ನಾವು ಹುಡುಗಿಯರಾಗಿದ್ದಾಗ ನಮ್ಮನ್ನ ಶಾಲೆಗೆ ಕಳಿಸಿದವರು ಯಾರು? ಒಂಬತ್ತು ಜನ ಸೇರಿದೆವು. ಪಕ್ಕದ ಮನೆ ಪಿಲ್ನಮ್ ಎಲ್ಲರಿಗಿಂತ ಮುಂಚೆ ಹೋಗಿ ಕೂತಿರೋಳು. ನನಗಿಂತ ಎರಡು ವರ್ಷ ಚಿಕ್ಕವಳು, ಗಂಡ ತೀರಿಕೊಂಡು ಹನ್ನೊಂದು ವರ್ಷ.

ಅವಳಿಗೆ ಅವಸರ ಯಾಕೆ ಅಂತ ನನಗೆ ಗೊತ್ತಿತ್ತು. ಹಿಂದೆ ಅವಳ ಗಂಡ ರಸ್ತೆ ಕೆಲಸಕ್ಕೆ ಅಂತ ಸೌದಿಗೆ ಹೋಗಿ ಮೂರು ವರ್ಷ ಇದ್ದ. ಅಲ್ಲಿಂದ ಬರೆದ ಕಾಗದಗಳೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿವೆ. ಆಗ ಅವನ್ನ ಓದ್ತಿದ್ದೋನು ಅವಳ ಭಾವ, ಅತ್ತೆ ಎದುರಿಗೆ, ಗಟ್ಟಿಯಾಗಿ. ಇವಳು ಅಡುಗೆಮನೆ ಹೊಸಿಲಲ್ಲಿ ಬಟ್ಟಲು ಒರೆಸ್ತಾ ಕೇಳಿಸಿಕೊಳ್ಳೋಳು.

"ನಂಗೆ ಅಂತ ಬರೆದದ್ದು ಅಕ್ಕ. ಸಾಯೋದ್ರೊಳಗೆ ಒಂದು ಸಲ ನಾನೇ ಓದಬೇಕು" ಅನ್ನೋಳು.

ಹೊಸ ವರ್ಷದ ಹೊತ್ತಿಗೆ ಅಕ್ಷರ ಕೂಡಿಸೋದು ಬಂತು. ಅದರ ಹಿಂದೆಯೇ ತಲೆನೋವೂ ಬಂತು. ಪಾಠ ಮುಗಿದ ಕೂಡಲೆ ನನ್ನ ಮುಂದೆ ಬಂದು ಬೆರಳು ಚಾಚೋಳು.

"ಹುಬ್ಬಿನ ಮೇಲೆ ಶುರುವಾಗಿ ಹಿಂದಲೆವರೆಗೂ ಹಿಡಿಯುತ್ತೆ ಅಕ್ಕ. ಕಣ್ಣು ಉರೀತದೆ. ಅಕ್ಷರ ಎಲ್ಲ ಕಲಸಿಹೋಗ್ತವೆ."

"ಪಾಠಕ್ಕೆ ಓಡಬೇಕು ಅಂತ ಗಬಗಬ ಅನ್ನ ನುಂಗ್ತೀಯ. ಅರಗುತ್ತಾ ಅದು? ಕೊಡು ಬೆರಳು."

ಚುಚ್ಚಿದೆ. ಅವಳು ಮನೆಗೆ ಹೋಗಿ ಮಲಗಿದರೆ ಸಂಜೆಗೆ ಕಮ್ಮಿ ಆಗೋದು. ನೋಡು, ನನ್ನ ಸೂಜಿ ಕೆಲಸ ಮಾಡ್ತು ಅಂತ ನಾನು ಬೀಗಿದೆ. ಆರು ವಾರ ಹೀಗೇ ಕಳೀತು. ಪುಸ್ತಕದ ಅಕ್ಷರ ನನಗೆ ನಿಚ್ಚಳವಾಗಿ ಕಾಣ್ತಿತ್ತು, ಅದಕ್ಕೆ ಇವಳದು ನೆಪ ಅನ್ನಿಸ್ತು. ಒಂದಿನ ಬಾಯಿಗೆ ಬಂದದ್ದು ಅಂದೂಬಿಟ್ಟೆ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಮುಂದಿನ ಗುರುವಾರ ಅವಳು ಪುಸ್ತಕ, ಪೆನ್ಸಿಲ್ ತಂದು ನನ್ನ ಮಡಿಲಿಗೆ ಹಾಕಿದಳು.

"ನನ್ನ ತಲೇಲಿ ಜಾಗ ಇಲ್ಲ ಅಕ್ಕ. ಸಾಕಾಗಿಹೋಯ್ತು. ನಾನು ಸತ್ತಾಗ ಬಟ್ಟೆ ಸುಡ್ತೀರಲ್ಲ, ಆ ಡಬ್ಬನೂ ಜೊತೆಗೆ ಸುಟ್ಟುಬಿಡಿ."

ಆವತ್ತು ರಕ್ತದೊತ್ತಡ ನೋಡೋಕೆ ಅಂತ ಆರೋಗ್ಯ ಕೇಂದ್ರದಿಂದ ತಕ್ ಅನ್ನೋ ನರ್ಸ್ ಭವನಕ್ಕೆ ಬಂದಿದ್ದಳು. ಪಿಲ್ನಮ್ ಕೈ ಹಿಡಿದವಳು ಹಾಗೇ ನಿಂತಳು.

"ಇದೇನಜ್ಜಿ, ಬೆರಳು ಜರಡಿ ಆಗಿದೆ?"

"ತಲೆನೋವಮ್ಮ. ಅಜೀರ್ಣ" ಅಂದೆ ನಾನು.

"ನಿಮ್ಮನ್ನ ಕೇಳಲಿಲ್ಲ. ಅಜ್ಜಿ, ಯಾವತ್ತು ಬರುತ್ತೆ ನೋವು?"

"ಮಂಗಳವಾರ, ಗುರುವಾರ."

"ದಿನಾ ಹೊಲದಲ್ಲಿ ಬಗ್ಗಿ ಕೆಲಸ ಮಾಡುವಾಗ?"

"ಇಲ್ಲ."

"ಅಂದ್ರೆ ನಿಮ್ಮ ಹೊಟ್ಟೆ ಪಾಠ ಇದ್ದ ದಿನ ಮಾತ್ರ ಕೆಡುತ್ತಾ?"

ನರ್ಸ್ ದೂರದ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಪಿಲ್ನಮ್ ಅದರ ಸಣ್ಣ ಅಕ್ಷರಾನೂ ತಡವರಿಸದೆ ಓದಿದಳು. ಆಮೇಲೆ ನರ್ಸ್ ಅವಳ ಕೈಗೆ ಪುಸ್ತಕ ಕೊಟ್ಟಳು. ಪಿಲ್ನಮ್ ಅದನ್ನ ದೂರ ಹಿಡಿದಳು, ಇನ್ನೂ ದೂರ ತಳ್ಳಿದಳು.

"ಕೈ ಸಾಲದು" ಅಂದಳು.

"ನೀವು ಓದಿ ಕ್ಯಾಲೆಂಡರ್" ಅಂತ ನರ್ಸ್ ನನ್ನ ಕಡೆ ತಿರುಗಿದಳು. ನನಗೆ ಗೋಡೆ ಕಾಣ್ತು, ಅಷ್ಟೇ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಅಂದಳು ನರ್ಸ್. "ವಯಸ್ಸಾದಂತೆ ಹತ್ತಿರದ್ದು ನೋಡೋ ಶಕ್ತಿ ಕಣ್ಣಿಗೆ ಕಮ್ಮಿ ಆಗುತ್ತೆ. ಆದ್ರೂ ಓದಲೇಬೇಕು ಅಂತ ಕಣ್ಣು ಹೆಣಗುತ್ತೆ, ಹಣೆ ಬಿಗಿಯುತ್ತೆ, ತಲೆ ಸಿಡಿಯುತ್ತೆ. ಮಲಗಿ ಕಣ್ಣು ಮುಚ್ಚಿದ್ರೆ ಕಮ್ಮಿ ಆಗುತ್ತೆ. ನಿಮ್ಮ ತಲೇಲಿ ಜಾಗ ಬೇಕಾದಷ್ಟಿದೆ ಅಜ್ಜಿ."

ನಾನು ಅಷ್ಟಕ್ಕೇ ಒಪ್ಪೋಳಲ್ಲ. "ಕನ್ನಡಕ ಹಾಕಿದ್ರೆ ಕಣ್ಣು ಇನ್ನೂ ಕೆಡುತ್ತಂತೆ. ಬೇಕೇ ಬೇಕಂದ್ರೆ ಅವಳ ಗಂಡನ ಕನ್ನಡಕ ಮನೇಲಿದೆ, ಅದನ್ನೇ ಹಾಕ್ಕೊಳ್ಳಲಿ."

"ಕನ್ನಡಕದಿಂದ ಕಣ್ಣು ಕೆಡಲ್ಲ. ಆದ್ರೆ ಗಂಡನ ಬೂಟು ಹಾಕ್ಕೊಂಡು ಹೊಲಕ್ಕೆ ಹೋಗೋಕಾಗುತ್ತಾ?"

"ಹೋಗಿದ್ದೆ" ಅಂದಳು ಪಿಲ್ನಮ್. "ಬೊಬ್ಬೆ ಬಂತು."

ಸೋಮವಾರ ಇಬ್ಬರೂ ಬಸ್ಸು ಹತ್ತಿ ಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಾದು ಕಾದು ಸೊಂಟ ಬಿದ್ದುಹೋಯ್ತು. ಪೊರೆ, ಕಣ್ಣಿನೊಳಗಿನ ಒತ್ತಡ ಎಲ್ಲ ನೋಡಿ ಅವಳಿಗೆ ಹತ್ತಿರದ್ದಕ್ಕೆ, ನನಗೆ ದೂರದ್ದಕ್ಕೆ ಕನ್ನಡಕ ಬರೆದುಕೊಟ್ಟರು. ಕನ್ನಡಕ ಬಂದ ಮೇಲೂ ಒಂದೇ ಸಮ ಓದಬೇಡಿ, ಬೆಳಕಿನಲ್ಲಿ ಕೂತ್ಕೊಳ್ಳಿ, ಆಗಾಗ ತಲೆ ಎತ್ತಿ ದೂರ ನೋಡಿ ಅಂದರು.

ಕನ್ನಡಕ ಬಂದ ದಿನ ಪಿಲ್ನಮ್ ಕಿಟಕಿ ಹತ್ತಿರ ಕೂತು ಡಬ್ಬ ತೆಗೆದಳು. ನನ್ನನ್ನೂ ಕರೆದಿದ್ದಳು. ಮೊದಲನೇ ಕಾಗದ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಸೆಕೆ, ಮರಳು, ಅಮ್ಮನಿಗೆ ನಮಸ್ಕಾರ. ಎಲ್ಲ ಭಾವ ಓದಿದ್ದೇ. ಆಮೇಲೆ ಕಾಗದವನ್ನ ಅಡ್ಡ ತಿರುಗಿಸಿದಳು. ಅಂಚಿನಲ್ಲಿ ತೀರಾ ಸಣ್ಣಗೆ ಇನ್ನೊಂದಿಷ್ಟು ಬರೆದಿತ್ತು. ಅದನ್ನ ಭಾವ ಯಾವತ್ತೂ ಓದಿರಲಿಲ್ಲ.

"ಅಣ್ಣ ಓದ್ತಾನೆ, ಅಮ್ಮ ಕೇಳ್ತಾಳೆ. ಮನಸ್ಸಲ್ಲಿರೋದು ಬರೆಯೋಕೆ ಆಗ್ತಿಲ್ಲ. ಹೇಗಾದ್ರೂ ಓದೋದು ಕಲಿ. ಆಮೇಲೆ ಬರೀತೀನಿ."

ಎರಡನೇ ಕಾಗದದ ಅಂಚಿನಲ್ಲಿ ಒಂದೇ ಮಾತು. "ಕಲಿತೆಯಾ?" ಮೂರನೇದರಲ್ಲೂ ಅದೇ. ಮೂವತ್ತೊಂದು ಕಾಗದ ಇದ್ದವು. ಕೊನೇವರೆಗೂ ಕೇಳಿದ್ದ.

"ವಾಪಸ್ ಬಂದ ಮೇಲೆ ಅವನು ಯಾಕೆ ಕೇಳಲಿಲ್ಲ?" ಅಂದೆ.

"ನಂಗೆ ನಾಚಿಕೆ ಆಗುತ್ತೆ ಅಂದ್ಕೊಂಡಿರಬೇಕು" ಅಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಮತ್ತೆ ಹಾಕಿಕೊಂಡು ಪೆನ್ಸಿಲ್ ಕೇಳಿದಳು. ಅದು ಇನ್ನೂ ನನ್ನ ಹತ್ತಿರವೇ ಇತ್ತು. ಕೊನೇ ಕಾಗದದ ಅಂಚಿನಲ್ಲಿ, ಅವನ ಪ್ರಶ್ನೆ ಕೆಳಗೆ, ಬರೆದಳು: "ಕಲಿತೆ."

ನನ್ನ ಸೂಜಿ ಈಗ ಗುಂಡಿ ಹೊಲಿಯೋಕೆ ಮಾತ್ರ. ಆದರೆ ಆ ಆರು ವಾರ ಅವಳಿಗೆ ವಾಪಸ್ ಕೊಡೋಕೆ ನನ್ನ ಕೈಲಾಗಲ್ಲ. ಇನ್ನು ಸ್ವಲ್ಪ ದಿನ ಹೀಗೇ ಹೋಗಿದ್ದರೆ ಆ ಡಬ್ಬ ನಾನೇ ಸುಡ್ತಿದ್ದೆ.

ಅದಕ್ಕೇ ನಿಮಗೆ ಹೇಳ್ತೀನಿ. ನಿಮ್ಮ ಮನೇಲಿ ಯಾರಾದರೂ ಓದೋಕೆ, ಹೊಲಿಯೋಕೆ, ಅಕ್ಕಿ ಆರಿಸೋಕೆ ಕೂತಾಗೆಲ್ಲ ಹಣೆ ಒತ್ತಿಕೊಂಡರೆ ಸೋಮಾರಿ ಅನ್ನಬೇಡಿ, ವಯಸ್ಸಾಯ್ತು ಅನ್ನಬೇಡಿ. ಮಗು ಆದರೂ ಅಷ್ಟೇ, ಮುದುಕಿ ಆದರೂ ಅಷ್ಟೇ. ಇದ್ದಕ್ಕಿದ್ದಂತೆ ಕಣ್ಣು ಕೆಂಪಾಗಿ, ಮಂಜಾಗಿ, ವಾಂತಿ ಬರೋ ಹಾಗೆ ತಲೆ ಸಿಡಿದರೆ ಆ ಗಳಿಗೇಲೇ ಆಸ್ಪತ್ರೆಗೆ ಓಡಿ. ಇಲ್ಲದಿದ್ದರೆ ಈ ವಾರವೇ ಬಸ್ಸು ಹತ್ತಿಸಿ, ಕಣ್ಣು ತೋರಿಸಿ. ಅವರಿಗೆ ಅಂತ ಯಾರೋ ಬರೆದಿಟ್ಟದ್ದು ಎಲ್ಲೋ ಕಾದಿರುತ್ತೆ.