ಮೂರನೆಯ ಚೊಚ್ಚಲು

ಲಕ್ಕಿಯಂಥ ಅತ್ತೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಧಾರೇಶ್ವರದವರು ಹೇಳುತ್ತಿದ್ದರು, ಅದು ಸುಳ್ಳಲ್ಲ. ಸೊಸೆ ಮಂಗಲಾ ಬಸುರಿಯಾದಂದಿನಿಂದ ಅವಳಿಗೆ ಬಾವಿಯಿಂದ ಒಂದು ಕೊಡ ನೀರು ಎತ್ತಲೂ ಲಕ್ಕಿ ಬಿಡಲಿಲ್ಲ. ಬಂಗಡೆಯ ಒಳ್ಳೆಯ ತುಂಡು ಮಗನ ತಾಟು ತಪ್ಪಿಸಿ ಸೊಸೆಯ ತಾಟಿಗೇ ಬೀಳುತ್ತಿತ್ತು. ತಾನು ಈ ಮನೆಯ ಒಬ್ಬನೇ ಮಗನೋ, ಬಿಟ್ಟಿ ಅಳಿಯನೋ ಎಂದು ದುರ್ಗ ಈರುಳ್ಳಿ ಗೊಂಚಲು ಹೆಣೆಯುತ್ತ ತಮಾಷೆ ಮಾಡುತ್ತಿದ್ದ.

ಇಷ್ಟು ಪ್ರೀತಿಯ ನಡುವೆಯೂ ಅತ್ತೆಯ ಒಂದು ಮಾತು ಮಾತ್ರ ಮಂಗಲೆಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಯಾರು ಕೇಳಿದರೂ ಲಕ್ಕಿ, ತನ್ನ ಸೊಸೆಗೆ ಇದು ಚೊಚ್ಚಲು ಎನ್ನುತ್ತಿದ್ದಳು. ಮಂಗಲಾ ಆಗಲೇ ಎರಡು ಹೆತ್ತಿದ್ದಳು. ಎರಡೂ ವಾರ ತುಂಬುವಷ್ಟರಲ್ಲಿ ಬಾಯಿ ಬಿಗಿದು, ಮೊಲೆ ಹಿಡಿಯಲಾರದೆ, ಮೈ ಸೆಟೆದು ಹೋಗಿದ್ದವು. ಹೆಸರಿಡುವ ಮೊದಲೇ ಹೋದ ಕೂಸಿನ ಸುದ್ದಿ ಎತ್ತಿದರೆ ಅದು ಮುಂದಿನದನ್ನೂ ಕರೆದೊಯ್ಯುತ್ತದೆಂದು ಹಿರಿಯರ ನಂಬಿಕೆ. ಹೆಸರಿಲ್ಲದ್ದು ಹುಟ್ಟಿಯೇ ಇಲ್ಲವೆಂದ ಮೇಲೆ ಹೆತ್ತವಳು ಅಳುವುದಾದರೂ ಯಾರಿಗಾಗಿ?

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಕೆಲವು ವರ್ಷವಾಗಿತ್ತು. ಎಳೆಗೂಸುಗಳು ಏಕೆ ಸಾಯುತ್ತವೆಂದು ಮನೆಮನೆ ವಿಚಾರಿಸಲು ಕುಮಟೆಯಿಂದ ನರ್ಸಬಾಯಿ ವಸಂತಿ ಬಂದಳು. ಊರಿಡೀ ತಿರುಗಿದರೂ ಸತ್ತ ಕೂಸು ಒಂದೂ ಸಿಗಲಿಲ್ಲ. ಇಲ್ಲಿಯ ನೀರೇ ಅಮೃತವಿರಬೇಕೆಂದು ನಗುತ್ತ ಅವಳು ಲಕ್ಕಿಯ ಜಗುಲಿಯಲ್ಲಿ ಕೂತು, ಮಂಗಲೆಗೆ ಎಷ್ಟನೆಯ ಬಸಿರೆಂದು ಕೇಳಿದಳು. ಲಕ್ಕಿ ಎಂದಿನಂತೆ ಚೊಚ್ಚಲು ಎಂದಳು.

"ಅಲ್ಲ ಬಾಯಿ, ಮೂರನೇದು," ಎಂದು ಒಳಗಿನಿಂದ ಮಂಗಲೆಯ ದನಿ ಬಂತು. "ಎರಡು ಹೋತು."

ವಸಂತಿಯ ನಗು ನಿಂತಿತು. ಕೂಸಿನ ಹೊಕ್ಕುಳಿಗೆ ಏನು ಹಚ್ಚುತ್ತೀರೆಂದು ಕೇಳಿದಳು. ತಾನೇ ಹೆರಿಗೆ ಮಾಡಿಸಿ, ತಾನೇ ಜರಡಿ ಹಿಡಿದ ಸೆಗಣಿ ಬೂದಿ ಹಚ್ಚುವುದಾಗಿ ಲಕ್ಕಿ ಹೆಮ್ಮೆಯಿಂದ ಹೇಳಿದಳು. ಕೂಸಿನ ಬಾಯಿ ಬಿಗಿಸುವ ರೋಗ ಒಳಗೆ ಹೋಗುವುದು ಆ ಬೂದಿಯಿಂದಲೇ ಎಂದು ವಸಂತಿ ತಿಳಿಸಿದಳು.

"ಎಂತ ಮಾತು ಬಾಯಿ? ಸೆಗಣಿ ಸಾರ್ಸಿದ ನೆಲದ ಮೇಲೇ ನಾವು ಉಣ್ಣೂದು. ಅದು ವಿಷ ಆಗ್ತದ್ಯಾ? ನನ್ನ ದುರ್ಗ ಆ ಬೂದಿಲೇ ಬದ್ಕಿದ."

"ನೆಲಕ್ಕೆ ಗಾಯ ಇಲ್ಲ ಅಮ್ಮಾ. ಕೂಸಿನ ಹೊಕ್ಕುಳು ಹಸಿ ಗಾಯ."

ಲಕ್ಕಿ ಕೇಳುವವಳಲ್ಲ. ಸೊಸೆಗೆ ಮನಸ್ಸಿದ್ದರೆ ಹೆರಿಗೆಗೆ ನರ್ಸಬಾಯಿ ಬರಲಿ, ಬೂದಿ ಮಾತ್ರ ತನ್ನ ಕೈಯದೇ ಎಂದುಬಿಟ್ಟಳು.

ತಿಂಗಳು ತುಂಬಿ ನೋವು ಬಂದದ್ದು ಒಂದು ಬೆಳಿಗ್ಗೆ. ದುರ್ಗ ಕುಮಟೆಗೆ ಓಡಿಹೋಗಿ ವಸಂತಿಯನ್ನು ಕರೆತಂದ. ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಕುದಿಸಿದ ಬ್ಲೇಡಿನಿಂದ ಹೊಕ್ಕುಳ ಬಳ್ಳಿ ಕತ್ತರಿಸಿ ಕಟ್ಟಿ, ವಸಂತಿ ಬಾಣಂತಿಯ ಕಡೆ ತಿರುಗಿದಳು. ಅಷ್ಟರಲ್ಲಿ ಲಕ್ಕಿ ಚಿಟಿಕೆಯಲ್ಲಿ ಬೂದಿ ಹಿಡಿದು ಬಗ್ಗಿದಳು. ಮಂಗಲಾ ಮಲಗಿದ್ದಲ್ಲಿಂದಲೇ ಅವಳ ಕೈ ಹಿಡಿದುಕೊಂಡಳು.

"ಬೇಡಿ ಅತ್ತೆ."

ಹಿರಿಯರು ಮಾಡಿಕೊಂಡು ಬಂದದ್ದನ್ನು ಬಿಟ್ಟರೆ ಕೂಸಿಗೆ ಕೇಡಾದೀತೆಂದು ಲಕ್ಕಿ ಕಣ್ಣೀರು ತಂದು ಬೇಡಿಕೊಂಡಳು. ಮಂಗಲಾ ಹಿಡಿದ ಕೈ ಬಿಡಲಿಲ್ಲ.

"ಅತ್ತೆ, ನೀವು ಎಷ್ಟು ಹೆತ್ರಿ?"

ಒಂದೇ ಎಂದು ಜನ್ಮವಿಡೀ ಹೇಳಿದ ಬಾಯಿ ಅದು. ಲಕ್ಕಿ ಮೊಮ್ಮಗಳ ತುಟಿಗಳನ್ನೇ ನೋಡುತ್ತ ನೆಲದ ಮೇಲೆ ಕೂತಳು.

"ಐದು," ಎಂದಳು. "ಎಲ್ಲಕ್ಕೂ ಈ ಕೈಯಲ್ಲೇ ಹಚ್ಚಿದ್ದೆ ಮಗಾ."

ಎಷ್ಟೋ ವರ್ಷ ತಡೆದ ಅಳು ಅವಳಿಗೆ ಆಗ ಬಂತು. ಪ್ರೀತಿಯಿಂದಲೇ ಹಚ್ಚಿದ್ದಲ್ಲವೇ ಎಂದು ಮಂಗಲಾ ಆ ಬೂದಿಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅಂಥ ಪ್ರೀತಿಗೆ ತಿಳಿವಳಿಕೆಯೊಂದು ಜೊತೆಗಿದ್ದಿದ್ದರೆ ಆ ಮನೆಯ ಅಂಗಳ ಮಕ್ಕಳಿಂದ ತುಂಬಿರುತ್ತಿತ್ತು.

ವಾರ ಕಳೆಯಿತು. ಕೂಸು ಚಪ್ಪರಿಸಿ ಹಾಲು ಕುಡಿಯುತ್ತಿತ್ತು. ಮರುದಿನ ವಸಂತಿ ಮತ್ತೆ ಮನೆಮನೆಗೆ ಹೊರಟಾಗ, ಅವಳ ಮುಂದೆ ಲಕ್ಕಿ ನಡೆದಳು. ನೆರೆಮನೆಯ ಜಗುಲಿ ಹತ್ತಿ, ಅಕ್ಕಿ ಆರಿಸುತ್ತಿದ್ದವಳ ಪಕ್ಕದಲ್ಲೇ ಕೂತಳು.

"ನಂದು ನಾಲ್ಕು ಹೋತು, ಬೂದಿಲಿ," ಎಂದಳು. "ನಿಂದೆಷ್ಟು, ಹೇಳು ತಂಗಿ."